ಮಕ್ಕಳ ಕಣ್ಣಿನ ಅಲರ್ಜಿ: ಉಜ್ಜೋ ಕೈ ಮತ್ತೆ ಮೆಡಿಕಲ್ ಶಾಪ್ ಡ್ರಾಪ್ಸು

(ದಾವಣಗೆರೆ ಹತ್ರದ ಒಂದು ಹೈಸ್ಕೂಲಲ್ಲಿ ಪೋಷಕರು ಮತ್ತೆ ಟೀಚರ್‌ಗಳ ಮುಂದೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದೀನಿ, ಧಾಟಿ ಮಾತಿನದೇ ಇದೆ. ಜನ ಕೇಳಿದ ಪ್ರಶ್ನೆಗಳನ್ನ ಅಲ್ಲಲ್ಲೇ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ. ಹೆಡ್‌ಮಾಸ್ಟ್ರು ಫೋನ್ ಮಾಡಿ "ಡಾಕ್ಟ್ರೆ, ಮಕ್ಕಳ ಕಣ್ಣಿನ ಬಗ್ಗೆ ಏನಾದ್ರೂ ಮಾತಾಡಿ" ಅಂದ್ರು. ಅದು ದೊಡ್ಡ ವಿಷಯ ಸಾರ್, ಮೊಬೈಲ್ ಬರುತ್ತೆ, ಕನ್ನಡಕ ಬರುತ್ತೆ, ವಿಟಮಿನ್ ಎ ಬರುತ್ತೆ, ಎಲ್ಲಾ ಒಂದೇ ಗಂಟೇಲಿ ಹೇಳಕ್ಕೆ ಹೋದ್ರೆ ಯಾವ್ದೂ ನೆನಪಲ್ಲಿ ಉಳಿಯಲ್ಲ. ಅದಕ್ಕೆ ಅಲರ್ಜಿ ಒಂದನ್ನೇ ಹಿಡ್ಕೊಂಡಿದ್ದೀನಿ. ಈ ವಿಷಯದಲ್ಲಿ ಕಾಯಿಲೆಗಿಂತ ಅದಕ್ಕೆ ನಾವು ಮಾಡೋ ಉಪಚಾರವೇ ಹೆಚ್ಚು ಕಣ್ಣು ಹಾಳು ಮಾಡ್ತಿದೆ, ಅದನ್ನ ಹೇಳ್ಬೇಕು ಅಂತಾನೇ ಬಂದಿದ್ದು.

ಮೊದ್ಲು ಕಣ್ಣಲ್ಲಿ ಏನಾಗುತ್ತೆ ನೋಡಣ. ಕಣ್ಣಿನ ಬಿಳಿ ಭಾಗದ ಮೇಲೆ, ರೆಪ್ಪೆ ಒಳಗಡೆ, ತೆಳ್ಳನೆ ಪೊರೆ ಇದೆ. ಅದರೊಳಗೆ ಮಾಸ್ಟ್ ಸೆಲ್ ಅನ್ನೋ ಜೀವಕೋಶಗಳು ಲಕ್ಷಗಟ್ಟಲೆ ಇರ್ತವೆ, ಅವುಗಳ ಹೊಟ್ಟೆ ತುಂಬ ಹಿಸ್ಟಮೀನ್ ಅನ್ನೋ ರಾಸಾಯನಿಕ. ಕೆಲವರ ದೇಹ ಹೂವಿನ ಪರಾಗ, ಧೂಳಲ್ಲಿರೋ ಹುಳ, ಇಂಥ ನಿರುಪದ್ರವಿ ವಸ್ತುಗಳನ್ನ ಶತ್ರು ಅಂತ ತಿಳ್ಕೊಂಡು ಐಜಿಇ ಅನ್ನೋ ಆಂಟಿಬಾಡಿ ತಯಾರು ಮಾಡಿ ಈ ಕೋಶಗಳ ಮೈಮೇಲೆ ಅಂಟಿಸಿ ಇಟ್ಟಿರುತ್ತೆ. ಮುಂದಿನ ಸಲ ಅದೇ ಪರಾಗ ಕಣ್ಣಿಗೆ ಬಿತ್ತು ಅಂದ್ರೆ ಕೋಶ ಬಾಯಿಬಿಟ್ಟು ಹಿಸ್ಟಮೀನ್ ಸುರಿಯುತ್ತೆ, ಕೆಲವೇ ನಿಮಿಷದಲ್ಲಿ ಕಡಿತ, ಕೆಂಪು, ನೀರು, ರೆಪ್ಪೆ ಊತ. ಅಷ್ಟೇ ಕಥೆ. ಕಣ್ಣಲ್ಲಿ ಏನೂ ಕೊಳೆತಿಲ್ಲ, ಕ್ರಿಮಿ ಇಲ್ಲ, ಹೀಟೂ ಅಲ್ಲ. ನಮ್ಮ ಕಡೆ ಕಣ್ಣು ಕೆಂಪಾದ ತಕ್ಷಣ "ಹೀಟ್ ಆಗಿದೆ, ತಲೆಗೆ ಹರಳೆಣ್ಣೆ ಹಚ್ಚು" ಅಂತಾರೆ, ಹಚ್ಚಿ, ತಲೆಗೆ ಹಚ್ಚೋದ್ರಿಂದ ತೊಂದ್ರೆ ಏನಿಲ್ಲ, ಕಣ್ಣಿಗೆ ಬಿಡಬೇಡಿ ಅಷ್ಟೇ.

ಇದು ಹೊಸ ಕಾಯಿಲೆನೂ ಅಲ್ಲ. 1819ರಲ್ಲಿ ಜಾನ್ ಬಾಸ್ಟಾಕ್ ಅಂತ ಲಂಡನ್ನಿನ ಡಾಕ್ಟ್ರು ಪ್ರತಿ ಬೇಸಿಗೇಲಿ ತನಗೇ ಕಣ್ಣು ಕಡಿದು ಮೂಗು ಸೋರೋದನ್ನ ಅಲ್ಲಿನ ವೈದ್ಯರ ಸಂಘದಲ್ಲಿ ಓದಿ ಹೇಳಿದ್ರು, ಆಗ ಅವರಿಗೆ ಕಾರಣ ಗೊತ್ತಿರ್ಲಿಲ್ಲ, ಬಿಸಿಲಿನಿಂದ ಅಂದ್ಕೊಂಡಿದ್ರು. ಅಂದ್ರೆ ನಮ್ಮ ಹೀಟ್ ಸಿದ್ಧಾಂತ ಅಲ್ಲೂ ಇತ್ತು! ಆಮೇಲೆ ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಬ್ಲಾಕ್ಲಿ ಅನ್ನೋ ಡಾಕ್ಟ್ರು, ಅವರಿಗೂ ಇದೇ ಕಾಟ, ಗಾಳಿಪಟಕ್ಕೆ ಅಂಟು ಸವರಿದ ಗಾಜು ಕಟ್ಟಿ ಹಾರಿಸಿ ಗಾಳೀಲಿರೋ ಪರಾಗ ಹಿಡಿದು ಎಣಿಸಿ, ಇದು ಹುಲ್ಲಿನ ಪರಾಗದ ಕೆಲಸ ಅಂತ 1873ರಲ್ಲಿ ಬರೆದ್ರು.

ಈಗ ಮುಖ್ಯವಾದ ಗೊಂದಲಕ್ಕೆ ಬರ್ತೀನಿ, ಮದ್ರಾಸ್ ಐ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದ ತುಂಬ ಹಬ್ಬಿತ್ತಲ್ಲ, ಅವಾಗಿಂದ ಕೆಂಗಣ್ಣಿನ ಮಗು ಬಂತು ಅಂದ್ರೆ ಸಾಕು ಟೀಚರ್ ಹೆದರ್ತಾರೆ, ಮನೆಗೆ ಕಳಿಸಿಬಿಡ್ತಾರೆ. ಕಳಿಸೋದು ತಪ್ಪಲ್ಲ, ಆದ್ರೆ ವ್ಯತ್ಯಾಸ ತಿಳ್ಕೊಳ್ಳಿ. ಮದ್ರಾಸ್ ಐ ವೈರಸ್ಸು, ಸಾಮಾನ್ಯವಾಗಿ ಒಂದು ಕಣ್ಣಲ್ಲಿ ಶುರುವಾಗಿ ಎರಡು ಮೂರು ದಿನದಲ್ಲಿ ಇನ್ನೊಂದಕ್ಕೆ ಹೋಗುತ್ತೆ, ಮರಳು ಬಿದ್ದಂಗೆ ಚುಚ್ಚುತ್ತೆ, ಬೆಳಗ್ಗೆ ರೆಪ್ಪೆ ಅಂಟ್ಕೊಂಡಿರುತ್ತೆ, ಮನೇಲಿ ಇನ್ಯಾರಿಗೋ ಬಂದಿರುತ್ತೆ. ಅಲರ್ಜಿ ಎರಡೂ ಕಣ್ಣಿಗೆ ಒಟ್ಟಿಗೆ ಬರುತ್ತೆ, ಹೋದ ವರ್ಷವೂ ಬಂದಿರುತ್ತೆ, ಜೊತೆಗೆ ಸೀನು, ಮೂಗು ಕಟ್ಟೋದು ಇರುತ್ತೆ, ಮತ್ತೆ ಮುಖ್ಯವಾಗಿ ಕಡಿತ. ಕಡಿತ ಇಲ್ಲ ಅಂದ್ರೆ ಅದು ಅಲರ್ಜಿನಾ ಅಂತ ನಾನೇ ಎರಡು ಸಲ ಯೋಚನೆ ಮಾಡ್ತೀನಿ. ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಆ ಮಗುನ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಏನೂ ಆಗಲ್ಲ.

ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬರು ಅಮ್ಮ ಇಲ್ಲೇ ತಡೆದು ಕೇಳಿದ್ರು, "ಮೆಣಸಿನಕಾಯಿ ಪುಡಿ ಮಾಡಿಸಕ್ಕೆ ಹೋದ್ರೆ ನಂಗೂ ಹಂಗೇ ಆಗುತ್ತಲ್ಲ ಡಾಕ್ಟ್ರೆ, ಅದೂ ಅಲರ್ಜಿನಾ?" ಅಲ್ಲ ಅಮ್ಮ, ಅದು ಉರಿ. ಮೆಣಸಿನಕಾಯಿ ಘಾಟು ಅಲ್ಲಿ ನಿಂತ ಎಲ್ರಿಗೂ ಹತ್ತುತ್ತೆ, ಬ್ಯಾಡಗಿ ಮಾರ್ಕೆಟ್ಟಿಗೆ ಒಂದು ಸಲ ಹೋಗಿ ಬನ್ನಿ, ಯಾರನ್ನೂ ಬಿಡಲ್ಲ. ಹೊಗೆ, ಸಾಂಬ್ರಾಣಿ, ಸೊಳ್ಳೆ ಬತ್ತಿ, ಪಟಾಕಿ, ಇವೂ ಅದೇ ಜಾತಿ. ಅಲರ್ಜಿ ಅಂದ್ರೆ ಪಕ್ಕದವರಿಗೆ ಏನೂ ಆಗದೇ ಇರೋ ವಸ್ತುಗೆ ನಿಮ್ಮ ದೇಹ ಮಾತ್ರ ಎದ್ದು ಕೂಗಾಡೋದು. ಆದ್ರೆ ಒಂದು ಮಾತು, ಅಲರ್ಜಿ ಇರೋ ಕಣ್ಣಿಗೆ ಈ ಹೊಗೆ ಧೂಳು ಬೇರೆಯವರಿಗಿಂತ ಜಾಸ್ತಿ ತ್ರಾಸ ಕೊಡುತ್ತೆ, ಹಂಗಾಗಿ ಎರಡನ್ನೂ ದೂರ ಇಡೋದು ಒಳ್ಳೇದು.

ನಮ್ಮ ಕಡೆ ಅಲರ್ಜಿ ಯಾವುದರಿಂದ ಬರುತ್ತೆ? ಬೇಸಿಗೆ ಶುರುವಾದಾಗ ಗುಲಾಬಿ ಬಣ್ಣದ ತಬೆಬೂಯ ಹೂ ಬಿಡುತ್ತಲ್ಲ, ಗುಲ್‌ಮೊಹರ್ ಬಿಡುತ್ತಲ್ಲ, ಜನ ಅದನ್ನ ನೋಡಿ ಇದರಿಂದಾನೇ ಕಣ್ಣು ಕಡಿಯೋದು ಅಂತಾರೆ, ಪಾಪ ಆ ಮರದ ಮೇಲೆ ಗೂಬೆ ಕೂರಿಸ್ತಾರೆ. ಕಣ್ಣಿಗೆ ಕಾಣೋ ಹಂಗೆ ಚೆಂದ ಬಿಡೋ ಹೂಗಳು ಜೇನುಹುಳ, ಹಕ್ಕಿಗಳನ್ನ ಕರೆಯಕ್ಕೆ ಬಿಟ್ಟಿರೋದು, ಅವುಗಳ ಪರಾಗ ದಪ್ಪ, ಅಂಟು, ಗಾಳೀಲಿ ದೂರ ಹೋಗಲ್ಲ. ತೊಂದ್ರೆ ಕೊಡೋದು ಯಾರೂ ಹೂ ಅಂತಾನೇ ಗುರ್ತಿಸದ ಗಿಡಗಳು. ಹುಲ್ಲು, ಅದರಲ್ಲೂ ಗಣಪತಿಗೆ ಏರಿಸ್ತೀವಲ್ಲ ಗರಿಕೆ, ಅದರ ಪರಾಗ ಪ್ರಪಂಚದ ತುಂಬ ಅಲರ್ಜಿಗೆ ಹೆಸರುವಾಸಿ. ಕೆರೆ ಅಂಗಳದ ತುಂಬ ಬೆಳೆದಿರೋ ಬಳ್ಳಾರಿ ಜಾಲಿ. ಆಮೇಲೆ ನಮ್ಮ ಕಾಂಗ್ರೆಸ್ ಗಿಡ.

ಕಾಂಗ್ರೆಸ್ ಗಿಡದ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಅಮೆರಿಕ ಖಂಡದ ಕಳೆ ಅದು, 1950ರ ದಶಕದಲ್ಲಿ ಪುಣೆ ಹತ್ರ ಕಾಣಿಸ್ಕೊಂಡಿದ್ದು ಈಗ ಖಾಲಿ ಸೈಟು, ರೈಲ್ವೆ ಹಳಿ, ಹೊಲದ ಬದು ಎಲ್ಲೂ ಬಿಟ್ಟಿಲ್ಲ, ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ. ಇದನ್ನ ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ರು, ಮಳೆಗಾಲದಲ್ಲಿ ಎಲೆ ತಿಂದು ಬೋಳು ಮಾಡುತ್ತೆ, ಆದ್ರೂ ಗಿಡ ಗೆದ್ದಿದೆ. ಬರಿಗೈಲಿ ಕಿತ್ತವರ ಚರ್ಮಕ್ಕೆ ಕಜ್ಜಿ ಬರೋದು ರೈತರಿಗೆ ಗೊತ್ತು, ಪರಾಗದಿಂದ ಮೂಗು ಕಣ್ಣಿನ ಅಲರ್ಜಿನೂ ಬರುತ್ತೆ. ಶ್ರಮದಾನ ಅಂತ ಶಾಲೆ ಮಕ್ಕಳ ಕೈಲಿ ಈ ಗಿಡ ಕೀಳಿಸೋದನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ಹೆಡ್‌ಮಾಸ್ಟ್ರು ಬೇಜಾರು ಮಾಡ್ಕೋಬೇಡಿ. ಕೀಳ್ಲೇಬೇಕಿದ್ರೆ ದೊಡ್ಡೋರು, ಗ್ಲೌಸ್ ಮಾಸ್ಕ್ ಹಾಕ್ಕೊಂಡು, ಹೂ ಬಿಡೋಕೆ ಮುಂಚೆ.

ಹೊರಗಡೆದು ಇಷ್ಟು. ಮನೆ ಒಳಗೆ ಇರೋದು ಧೂಳಿನ ಹುಳ, ಡಸ್ಟ್ ಮೈಟ್ ಅಂತೀವಿ, ಕಣ್ಣಿಗೆ ಕಾಣಲ್ಲ, ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು ತಿನ್ಕೊಂಡು ದಿಂಬು ಹಾಸಿಗೇಲಿ ಸಂಸಾರ ಮಾಡ್ಕೊಂಡಿರುತ್ತೆ. ಅಲರ್ಜಿ ಬರೋದು ಮುಖ್ಯವಾಗಿ ಅದರ ಹಿಕ್ಕೆಯಿಂದ. ಬೆಳಗ್ಗೆ ಎದ್ದಾಗಲೇ ಮಗು ಕಣ್ಣುಜ್ಜಿ ಸೀನುತ್ತೆ, ವರ್ಷಪೂರ್ತಿ ಹಂಗೇ ಇದೆ ಅಂದ್ರೆ ನಾನು ಮೊದ್ಲು ದಿಂಬಿನ ಬಗ್ಗೆ ಕೇಳೋದು. ಆಮೇಲೆ ಜಿರಲೆ, ನಾಯಿ ಬೆಕ್ಕು, ಗೋಡೆ ತೇವದ ಬೂಷ್ಟು. ನಮ್ಮ ಜಿಲ್ಲೆಗೆ ಇನ್ನೊಂದಿದೆ, ಕೊಯ್ಲಿನ ಕಾಲದಲ್ಲಿ ರೋಡಲ್ಲೇ ಮೆಕ್ಕೆಜೋಳ ಒಣಗಾಕಿ ಅಲ್ಲೇ ಮಿಷನ್ ಹಚ್ಚಿ ಕಾಳು ಬಿಡಿಸ್ತಾರೆ, ಆ ರವದಿ ಧೂಳು ಊರ ತುಂಬ, ಆ ಟೈಮಲ್ಲಿ ಓಪಿಡಿ ತುಂಬಿ ಹೋಗುತ್ತೆ.

ಈಗ ಉಜ್ಜೋದು. ಕಡಿತ ಆದಾಗ ಉಜ್ಜಬಾರ್ದು ಅಂತ ಹೇಳೋದು ಸುಲಭ, ಗೊತ್ತು ನಂಗೆ, ಆದ್ರೆ ಯಾಕೆ ಅಂತ ಗೊತ್ತಾದ್ರೆ ಮಕ್ಕಳೂ ಸ್ವಲ್ಪ ಕೇಳ್ತಾರೆ. ಆ ಮಾಸ್ಟ್ ಸೆಲ್ ಅಂದೆನಲ್ಲ, ಅದನ್ನ ಒತ್ತಿ ತಿಕ್ಕಿದ್ರೆ ಅದು ಇನ್ನಷ್ಟು ಹಿಸ್ಟಮೀನ್ ಬಿಡುತ್ತೆ. ಉಜ್ಜಿದಾಗ ಅರ್ಧ ನಿಮಿಷ ಸ್ವರ್ಗ, ಆಮೇಲೆ ಮೊದಲಿಗಿಂತ ಜಾಸ್ತಿ ಕಡಿತ, ಮತ್ತೆ ಉಜ್ಜು, ಉರಿಯೋ ಒಲೆಗೆ ಊದುಗೊಳವೆ ಹಿಡ್ದಂಗೆ ಅದು.

ಅದಕ್ಕಿಂತ ದೊಡ್ಡದು ಕಾರ್ನಿಯಾ ಕಥೆ. ಕಣ್ಣಿನ ಕಪ್ಪು ಗುಡ್ಡೆ ಮೇಲಿರೋ ಪಾರದರ್ಶಕ ಗಾಜಿನಂಥ ಪದರ, ಮಧ್ಯದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್ ಸುಮಾರು, ಅಷ್ಟೇ. ವರ್ಷಗಟ್ಟಲೆ ಬೆರಳ ಗೆಣ್ಣಿಂದ ಗಟ್ಟಿಯಾಗಿ ಉಜ್ಜೋ ಮಕ್ಕಳಲ್ಲಿ ಕೆಲವರಿಗೆ ಅದು ತೆಳ್ಳಗಾಗ್ತಾ ಮುಂದಕ್ಕೆ ಶಂಕುವಿನಂಗೆ ಚಾಚ್ಕೊಳ್ಳುತ್ತೆ, ಕೆರಟೋಕೋನಸ್ ಅಂತ ಹೆಸರು. ಉಜ್ಜೋ ಎಲ್ರಿಗೂ ಬರಲ್ಲ, ಹುಟ್ಟಿನಿಂದ ಬಂದ ದೌರ್ಬಲ್ಯನೂ ಬೇಕು, ಆದ್ರೆ ಯಾರಿಗೆ ಆ ದೌರ್ಬಲ್ಯ ಇದೆ ಅಂತ ಮುಂಚೆ ಹೇಳಕ್ಕಾಗಲ್ಲ. ಗೊತ್ತಾಗೋದು ಹೆಂಗೆ ಅಂದ್ರೆ ವರ್ಷಕ್ಕೆ ಎರಡು ಸಲ ಕನ್ನಡಕದ ನಂಬರ್ ಬದಲಾಗ್ತಿರುತ್ತೆ, ಸಿಲಿಂಡರ್ ನಂಬರ್, ಅಂದ್ರೆ ಕಾರ್ನಿಯಾದ ಓರೆಕೋರೆ ಸರಿದೂಗಿಸೋ ನಂಬರ್, ಏರ್ತಾನೇ ಇರುತ್ತೆ, ಹೊಸ ಕನ್ನಡಕ ಹಾಕಿದ್ರೂ ಬೋರ್ಡ್ ಮೇಲಿನ ಅಕ್ಷರಕ್ಕೆ ನೆರಳಿರುತ್ತೆ. ಅಂಥ ಮಗುಗೆ ಕಾರ್ನಿಯಾದ ನಕ್ಷೆ ತೆಗೆಯೋ ಟೋಪೋಗ್ರಫಿ ಟೆಸ್ಟ್ ಮಾಡಿಸ್ಲೇಬೇಕು. ಬೇಗ ಸಿಕ್ರೆ ರೈಬೋಫ್ಲೇವಿನ್ ಡ್ರಾಪ್ಸ್ ಹಾಕಿ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡೋ ಚಿಕಿತ್ಸೆ ಇದೆ, ಸಿ3ಆರ್ ಅಂತಾರೆ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಶುರುವಾಗಿದ್ದು, ಈಗ ನಮ್ಮ ದೊಡ್ಡ ಊರುಗಳಲ್ಲೆಲ್ಲಾ ಮಾಡ್ತಾರೆ. ಅದು ಇದ್ದಷ್ಟನ್ನ ಉಳಿಸುತ್ತೆ, ಹೋದದ್ದನ್ನ ಪೂರ್ತಿ ತಂದುಕೊಡಲ್ಲ. ಮಾಡಿಸಿದ ಮೇಲೂ ಉಜ್ಜಿದ್ರೆ ದುಡ್ಡು ದಂಡ.

ಅಲರ್ಜಿಲಿ ಬೇರೆ ಬೇರೆ ನಮೂನೆ ಇದೆ, ಎಲ್ಲಾ ಹೇಳಲ್ಲ. ಸೀಸನ್ನಲ್ಲಿ ಬಂದು ಹೋಗೋದು, ವರ್ಷಪೂರ್ತಿ ಸಣ್ಣಗೆ ಇರೋದು, ಇವೆರಡು ಕಾಟ ಕೊಡ್ತವೆ, ದೃಷ್ಟಿ ತೆಗೆಯಲ್ಲ. ಗಮನ ಕೊಡಬೇಕಾದ್ದು ವಿಕೆಸಿ ಅಂತ ನಾವು ಕರೆಯೋದು, ವರ್ನಲ್ ಕೆರಟೋ ಕಂಜಂಕ್ಟಿವೈಟಿಸ್. ಬಿಸಿಲು, ಒಣಹವೆ ಇರೋ ನಮ್ಮಂಥ ದೇಶದಲ್ಲಿ ಜಾಸ್ತಿ. ಸಾಮಾನ್ಯವಾಗಿ 10 ವರ್ಷಕ್ಕೆ ಮುಂಚೆ ಶುರುವಾಗುತ್ತೆ, ಹುಡುಗಿಯರಿಗಿಂತ ಹುಡುಗರಿಗೆ ಹೆಚ್ಚು, ಹರೆಯ ದಾಟಿದ ಮೇಲೆ ಬಹಳ ಜನರಲ್ಲಿ ತಾನಾಗೇ ಇಳಿದು ಹೋಗುತ್ತೆ. ಈ ಮಕ್ಕಳ ಮೇಲಿನ ರೆಪ್ಪೆ ಮಗುಚಿ ನೋಡಿದ್ರೆ ಒಳಗೆ ದಪ್ಪ ದಪ್ಪ ಗುಳ್ಳೆಗಳು ಒತ್ತೊತ್ತಾಗಿ ಕೂತಿರ್ತವೆ. ಕಣ್ಣಿಂದ ದಾರದಂಗೆ ಎಳೆ ಎಳೆಯಾಗಿ ಬಿಳಿ ಗೀಜು ಬರುತ್ತೆ, ಮಗು ಅದನ್ನ ಕೈಯಿಂದ ಎಳೀತಿರುತ್ತೆ. ಕಣ್ಣಿನ ಬಿಳಿ ಭಾಗ ಕಂದು ಬಣ್ಣಕ್ಕೆ ತಿರುಗುತ್ತೆ, ಕಾಮಾಲೆ ಇರಬಹುದಾ ಅಂತ ರಕ್ತ ಟೆಸ್ಟ್ ಮಾಡಿಸ್ಕೊಂಡು ಬರೋರೂ ಇದ್ದಾರೆ. ಬೆಳಕು ಕಂಡ್ರೆ ಆಗಲ್ಲ, ಮುಖ ಸಿಂಡರಿಸ್ಕೊಂಡು ತಲೆ ತಗ್ಗಿಸ್ಕೊಂಡೇ ಓಡಾಡುತ್ತೆ.

ಟೀಚರ್‌ಗಳಿಗೆ ಒಂದು ಮಾತು. ಕಿಟಕಿ ಪಕ್ಕ ಕೂತು ಕಣ್ಣು ಪಿಳಿಪಿಳಿ ಮಾಡೋ ಹುಡುಗನ್ನ "ಏನೋ ಅಣಕಿಸ್ತೀಯಾ" ಅಂತ ಬೈಯ್ಯೋ ಮುಂಚೆ ಸ್ವಲ್ಪ ನೋಡಿ. ಅವನನ್ನ ಬಿಸಿಲು ಬೀಳದ ಕಡೆ ಕೂರಿಸಿ, ಪಿಟಿ ಪೀರಿಯಡ್ಡಲ್ಲಿ ಟೋಪಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡ್ರೆ ಶೋಕಿ ಅಂತ ಕಿತ್ಕೋಬೇಡಿ, ಅದು ಔಷಧಿ ಅವನಿಗೆ. ಮಧ್ಯಾಹ್ನದ ಡ್ರಾಪ್ಸ್ ಹಾಕ್ಕೊಳಕ್ಕೆ ಎರಡು ನಿಮಿಷ ಬಿಟ್ರೆ ದೊಡ್ಡ ಉಪಕಾರ. ವಿಕೆಸಿ ಜೋರಾಗಿದ್ದಾಗ ಆ ಗುಳ್ಳೆ ಕಾರ್ನಿಯಾಗೆ ಉಜ್ಜಿ, ಜೊತೆಗೆ ಅಲ್ಲಿನ ವಿಷ ಪದಾರ್ಥ ಸೇರಿ, ಹುಣ್ಣಾಗುತ್ತೆ. ಕಪ್ಪು ಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡ್ರೆ, ಮಗು ಕಣ್ಣೇ ಬಿಡದೆ ಅಳ್ತಿದ್ರೆ, ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಸೋಮವಾರದವರೆಗೆ ಕಾಯಬೇಡಿ.

ಈಗ ಸ್ಟೀರಾಯ್ಡ್ ವಿಷಯ, ದಯವಿಟ್ಟು ಫೋನ್ ಒಂದು ನಿಮಿಷ ಕೆಳಗಿಡಿ. ನಮ್ಮ ಹತ್ರ ಬರೋ ಹುಡುಗರ ಕಥೆ ಹೆಚ್ಚು ಕಡಿಮೆ ಒಂದೇ ಥರ ಇರುತ್ತೆ. ಐದಾರು ವರ್ಷದವನಿದ್ದಾಗ ಕಣ್ಣು ಕೆಂಪಾಯ್ತು, ಕಡಿತ, ಅಪ್ಪ ಮೆಡಿಕಲ್ ಶಾಪಿಗೆ ಹೋಗಿ "ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ" ಅಂದ, ಅವರು ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಇರೋ ಬಾಟ್ಲಿ ಕೊಟ್ರು, ಅಗ್ಗ ಬೇರೆ. ಹಾಕಿದ್ರು, ಸಂಜೆಗೆ ಕಣ್ಣು ಬೆಳ್ಳಗಾಯ್ತು! ಮಗು ನಕ್ಕೊಂಡು ಆಡಕ್ಕೆ ಹೋಯ್ತು. ಬಿಟ್ಟ ವಾರಕ್ಕೆ ಮತ್ತೆ ಕೆಂಪು, ಅದೇ ಖಾಲಿ ಬಾಟ್ಲಿ ತೋರಿಸಿ ಇನ್ನೊಂದು ತಂದ್ರು, ಹಿಂಗೇ ವರ್ಷಗಟ್ಟಲೆ. ಅಜ್ಜಿ ಮನೇಲೊಂದು ಬಾಟ್ಲಿ, ಸ್ಕೂಲ್ ಬ್ಯಾಗಲ್ಲೊಂದು. ಒಂದಿನ ಹುಡುಗ ಬಾಗಿಲಿಗೆ ಡಿಕ್ಕಿ ಹೊಡೀತಾನೆ, ಕರ್ಕೊಂಡು ಬರ್ತಾರೆ, ನೋಡಿದ್ರೆ ಗ್ಲಕೋಮಾ.

ಏನಾಗಿರುತ್ತೆ ಅಂದ್ರೆ, ಕಣ್ಣೊಳಗೆ ಒಂದು ಪ್ರೆಶರ್ ಇದೆ, ಸಾಧಾರಣ 10ರಿಂದ 21ರ ಒಳಗೆ ಇರಬೇಕು. ಸ್ಟೀರಾಯ್ಡ್ ಡ್ರಾಪ್ಸ್ ವಾರಗಟ್ಟಲೆ ಹಾಕಿದ್ರೆ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಏರುತ್ತೆ, ನೂರಕ್ಕೆ 4-6 ಜನಕ್ಕೆ ವಿಪರೀತ ಏರುತ್ತೆ, ಮಕ್ಕಳಲ್ಲಿ ಇನ್ನೂ ಬೇಗ. ಆ ಪ್ರೆಶರಿಗೆ ಕಣ್ಣಿನ ನರ ಒಣಗ್ತಾ ಹೋಗುತ್ತೆ, ನೋವಿಲ್ಲ, ಕೆಂಪಿಲ್ಲ, ಪಕ್ಕದ ನೋಟ ಮೊದ್ಲು ಹೋಗೋದ್ರಿಂದ ಮಗುಗೆ ಗೊತ್ತೂ ಆಗಲ್ಲ. ಹೋದ ನರ ವಾಪಸ್ ಬರಲ್ಲ. ಜೊತೆಗೆ ಪೊರೆನೂ ಬರುತ್ತೆ, ಮುದುಕರಿಗೆ ಬರೋ ಕ್ಯಾಟರಾಕ್ಟ್ 12 ವರ್ಷದ ಹುಡುಗನಿಗೆ, ಅದಕ್ಕಾದ್ರೆ ಆಪರೇಷನ್ ಇದೆ, ನರಕ್ಕೆ ಏನೂ ಇಲ್ಲ. ಹರೆಯ ಬಂದ ಮೇಲೆ ತಾನಾಗೇ ಹೋಗ್ತಿದ್ದ ಕಾಯಿಲೆಗೆ ಕಣ್ಣು ಕಳ್ಕೊಳ್ಳೋದು ಅಂದ್ರೆ ಏನು ಹೇಳ್ಬೇಕು ಹೇಳಿ.

ಹಂಗಂತ ಸ್ಟೀರಾಯ್ಡ್ ವಿಷ ಅಂತ ಅಲ್ಲ. ನಾನೇ ಬರೀತೀನಿ. ವಿಕೆಸಿ ಜೋರಾಗಿದ್ದಾಗ ಬೆಂಕಿ ಆರಿಸಕ್ಕೆ ಅದು ಬೇಕು, ಫ್ಲೋರೋಮೆಥಲೋನ್, ಲೋಟಿಪ್ರೆಡ್ನಾಲ್ ಅಂತ ಪ್ರೆಶರ್ ಕಡಿಮೆ ಏರಿಸೋ ಜಾತಿಗಳಿವೆ, ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಹೆಂಗೆ ಇಳಿಸ್ತಾ ಬರಬೇಕು ಎಲ್ಲಾ ಲೆಕ್ಕ ಇರುತ್ತೆ, ಮಧ್ಯ ಕರೆಸಿ ಪ್ರೆಶರ್ ನೋಡ್ತೀವಿ. ಆ ಚೀಟಿ ಮುಗಿದ ಮೇಲೂ ಅದೇ ಚೀಟಿ ತೋರಿಸಿ ತರೋದೇ ಅಪಾಯ. ಕಾನೂನಿನ ಪ್ರಕಾರ ಇವೆಲ್ಲಾ ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ದೆ ಮಾರಂಗಿಲ್ಲ, ಆದ್ರೆ ನಮ್ಮಲ್ಲಿ ಹೆಂಗೆ ನಡೆಯುತ್ತೆ ನಿಮಗೇ ಗೊತ್ತು. ಬಾಟ್ಲಿ ಮೇಲೆ ಕಂಪನಿ ಹೆಸರು ದೊಡ್ಡದಾಗಿರುತ್ತೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಔಷಧಿ ಹೆಸರಿರುತ್ತೆ, ಅದನ್ನ ಓದಿ. "ಸೋನ್" ಅಥವಾ "ಲೋನ್" ಅಂತ ಮುಗೀತಿದ್ರೆ, ಅಥವಾ ಮಧ್ಯ ಎಲ್ಲಾದ್ರೂ "ಪ್ರೆಡ್ನ್" ಅಂತ ಇದ್ರೆ, ಸ್ಟೀರಾಯ್ಡ್ ಅಂತ್ಲೇ ತಿಳ್ಕೊಂಡು ಡಾಕ್ಟ್ರನ್ನ ಕೇಳಿ. ಇನ್ನೊಂದು, ಕೆಂಪು ಹೋಗಿಸೋ ಡ್ರಾಪ್ಸ್ ಅಂತ ಸಿಗುತ್ತೆ, ನಾಫಜೋಲಿನ್ ಥರದ್ದು, ರಕ್ತನಾಳ ಕುಗ್ಗಿಸಿ ಬೆಳ್ಳಗೆ ಮಾಡುತ್ತೆ, ಬಿಟ್ಟಾಗ ಮೊದಲಿಗಿಂತ ಕೆಂಪಾಗುತ್ತೆ. ಮದುವೆ ಫೋಟೋಗೆ ಒಂದಿನ ಹಾಕ್ಕೊಂಡ್ರೆ ಹೋಗ್ಲಿ, ಅಭ್ಯಾಸ ಬೇಡ.

ಹಂಗಾದ್ರೆ ಏನು ಹಾಕ್ಬೇಕು? ಬಹಳಷ್ಟು ಜನಕ್ಕೆ ಒಲೊಪಟಡಿನ್ ಅಥವಾ ಕೆಟೋಟಿಫೆನ್ ಥರದ ಡ್ರಾಪ್ಸ್ ಸಾಕು, ಹಿಸ್ಟಮೀನನ್ನೂ ತಡೆಯುತ್ತೆ, ಆ ಕೋಶ ಬಾಯಿ ಬಿಡದಂಗೂ ನೋಡ್ಕೊಳ್ಳುತ್ತೆ, ತಿಂಗಳುಗಟ್ಟಲೆ ಹಾಕಿದ್ರೂ ಪ್ರೆಶರ್ ಏರಲ್ಲ. ಸಾಮಾನ್ಯ ಬಾಟ್ಲಿ ದಿನಕ್ಕೆ ಎರಡು ಸಲ. ಜನ ಮಾಡೋ ತಪ್ಪು ಏನು ಅಂದ್ರೆ ಕಡಿದ ದಿನ ಹಾಕಿ ಕಡಿಮೆ ಆದ ದಿನ ಬಿಡೋದು. ನಿಮ್ಮ ಮಗುಗೆ ಯುಗಾದಿ ಹೊತ್ತಿಗೆ ಶುರುವಾಗುತ್ತೆ ಅಂತ ಗೊತ್ತಿದ್ರೆ ಎರಡು ವಾರ ಮುಂಚೆನೇ ಶುರು ಮಾಡಿ, ಸೀಸನ್ ಮುಗಿಯೋವರೆಗೂ ಬಿಡದೆ ಹಾಕಿ. ಜೊತೆಗೆ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಡ್ರಾಪ್ಸ್, ಅದು ಪರಾಗ ಧೂಳನ್ನ ತೊಳೆದು ಹೊರಗೆ ಹಾಕುತ್ತೆ.

ವಿಕೆಸಿ ಮಕ್ಕಳಿಗೆ ಅದು ಸಾಲದೇ ಇದ್ದಾಗ ಸೈಕ್ಲೋಸ್ಪೊರಿನ್ ಡ್ರಾಪ್ಸು, ಟ್ಯಾಕ್ರೊಲಿಮಸ್ ಮುಲಾಮು ಇದೆ. ಇಲ್ಲೊಂದು ಪೇಚಿದೆ. ಇವು ಹಾಕಿದ ತಕ್ಷಣ ಉರೀತವೆ, ಫಲ ಕಾಣಕ್ಕೆ ವಾರಗಳು ಬೇಕು, ದುಡ್ಡೂ ಜಾಸ್ತಿ. ಸ್ಟೀರಾಯ್ಡ್ ನೋಡಿದ್ರೆ ತಣ್ಣಗೆ, ಅಗ್ಗ, ಸಂಜೆಗೇ ಗುಣ. ಯಾವ ತಾಯಿ ತಾನೇ ಮಗು ಅಳಿಸೋ ಔಷಧಿ ಹಾಕ್ತಾಳೆ? ಮೂರು ದಿನ ಹಾಕಿ ಬಿಟ್ಟು ಮತ್ತೆ ಹಳೇ ಬಾಟ್ಲಿಗೆ ಹೋಗ್ತಾರೆ, ನಂಗೆ ಅರ್ಥ ಆಗುತ್ತೆ ಅದು. ಅದಕ್ಕೆ ಮೊದಲೇ ಹೇಳಿಬಿಡ್ತೀನಿ, ಉರಿಯುತ್ತೆ, ಮೊದಲ ವಾರಗಳು ಕಷ್ಟ, ಬರ್ತಾ ಬರ್ತಾ ಉರಿ ಕಡಿಮೆ ಆಗುತ್ತೆ. ಡ್ರಾಪ್ಸನ್ನ ಫ್ರಿಡ್ಜ್ ಬಾಗಿಲಲ್ಲಿ ಇಡಬಹುದಾ ಅಂತ ಬಾಟ್ಲಿ ಮೇಲೆ ನೋಡಿ, ಇಡಬಹುದು ಅಂದ್ರೆ ಇಡಿ, ತಣ್ಣಗಿದ್ರೆ ಮಕ್ಕಳು ತಡ್ಕೋತಾರೆ.

ಹಾಕೋ ರೀತಿನೂ ಹೇಳ್ತೀನಿ, ಡಾಕ್ಟ್ರುಗಳು ನಾವು ಇದನ್ನ ಹೇಳಿಕೊಡಲ್ಲ, ನಮ್ಮ ತಪ್ಪೇ. ಕೈ ತೊಳ್ಕೊಳ್ಳಿ, ತಲೆ ಹಿಂದಕ್ಕೆ, ಕೆಳಗಿನ ರೆಪ್ಪೆ ಎಳೆದ್ರೆ ಒಂದು ಜೇಬಿನಂಗೆ ಆಗುತ್ತೆ, ಅದರೊಳಗೆ ಒಂದೇ ಹನಿ. ಕಣ್ಣು ಹಿಡಿಯೋದೇ ಒಂದು ಹನಿಗಿಂತ ಕಡಿಮೆ, ಎರಡನೇದು ಕೆನ್ನೆಗೆ. ಬಾಟ್ಲಿ ಮೂತಿ ರೆಪ್ಪೆಗೆ ತಾಗಬಾರ್ದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೇನ ಒಂದೆರಡು ನಿಮಿಷ ಒತ್ತಿ ಹಿಡೀರಿ, ಇಲ್ಲಾಂದ್ರೆ ಔಷಧಿ ಗಂಟಲಿಗೆ ಇಳಿದು ಕಹಿ ಆಗುತ್ತೆ. ಎರಡು ಥರ ಡ್ರಾಪ್ಸ್ ಇದ್ರೆ ಮಧ್ಯ 5 ನಿಮಿಷ ಬಿಡಿ. ಹಟ ಮಾಡೋ ಸಣ್ಣ ಮಕ್ಕಳನ್ನ ಮಲಗಿಸಿ, ಕಣ್ಣು ಮುಚ್ಕೊಳ್ಳಿ ಅಂತ ಹೇಳಿ ಮೂಗಿನ ಮೂಲೇಲಿ ಹನಿ ಬಿಡಿ, ಕಣ್ಣು ತೆಗೆದಾಗ ತಾನೇ ಒಳಗೆ ಹೋಗುತ್ತೆ. ಸೀಲ್ ಒಡೆದ ಬಾಟ್ಲಿ ಒಂದು ತಿಂಗಳಾದ ಮೇಲೆ ಎಸೀರಿ, ಅರ್ಧ ಉಳಿದಿದ್ರೂ.

ಕಡಿತ ತಡೆಯಕ್ಕಾಗದೇ ಇದ್ದಾಗ ತಣ್ಣೀರ ಬಟ್ಟೆ. ಶುದ್ಧ ಹತ್ತಿ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ ಮುಚ್ಚಿದ ಕಣ್ಣ ಮೇಲೆ ಐದು ಹತ್ತು ನಿಮಿಷ, ಮಡಕೆ ನೀರಾದ್ರೂ ಸಾಕು. ಇದು ಅಗ್ಗದ್ದು ಅಂತ ಕಡೆಗಣಿಸಬೇಡಿ, ತಣ್ಣಗಾದಾಗ ರಕ್ತನಾಳ ಕುಗ್ಗಿ ಕಡಿತ ನಿಜವಾಗ್ಲೂ ಇಳಿಯುತ್ತೆ. ನಲ್ಲಿ ಕೆಳಗೆ ಕಣ್ಣು ಬಿಟ್ಕೊಂಡು ರಪರಪ ನೀರು ಹೊಡೆಯೋದು ಬೇಡ, ಮುಚ್ಚಿ ಮುಖ ತೊಳೀರಿ. ಹೊರಗಿಂದ ಬಂದ ತಕ್ಷಣ ಮುಖ, ಕೈ, ಸಾಧ್ಯ ಆದ್ರೆ ತಲೆನೂ, ಕೂದಲಲ್ಲಿ ಕೂತಿರೋ ಪರಾಗ ರಾತ್ರಿ ದಿಂಬಿಗೆ ಬರುತ್ತೆ.

"ನಂದಿಬಟ್ಟಲು ಹೂ ಇಡ್ತಿದ್ವಲ್ಲ ಡಾಕ್ಟ್ರೆ ಮುಂಚೆ?" ಅಂತ ಹಿಂದಿನಿಂದ ಒಬ್ಬರು ಅಜ್ಜಿ. ಇಡಿ ಅಜ್ಜಿ, ತೊಳೆದು, ಮುಚ್ಚಿದ ಕಣ್ಣ ಮೇಲೆ ಇಟ್ರೆ ತಂಪಿಗೆ ತೊಂದ್ರೆ ಇಲ್ಲ, ಪರಾಗದ ಅಲರ್ಜಿ ಜೋರಿರೋ ಮಗುಗೆ ಮಾತ್ರ ಬೇಡ, ಅವನಿಗೆ ತಣ್ಣೀರ ಬಟ್ಟೆನೇ ಸಾಕು. ಆದ್ರೆ ಅದರ ರಸ ಹಿಂಡಿ ಬಿಡೋದು, ಎದೆಹಾಲು, ಜೇನುತುಪ್ಪ, ಈರುಳ್ಳಿ ರಸ, ಯಾವ್ದನ್ನೂ ಕಣ್ಣೊಳಗೆ ಬಿಡಬೇಡಿ. ಅವುಗಳಲ್ಲಿರೋ ಬ್ಯಾಕ್ಟೀರಿಯಾ, ಫಂಗಸ್ಸು ಉಜ್ಜಿ ಉಜ್ಜಿ ತರಚಿದ ಕಾರ್ನಿಯಾಗೆ ಸಿಕ್ರೆ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತೆ. ಕಾಡಿಗೆನೂ ಅಲರ್ಜಿ ಇರೋವಾಗ ಬೇಡ, ಮಾರ್ಕೆಟ್ಟಲ್ಲಿ ಸಿಗೋ ಕೆಲವದ್ರಲ್ಲಿ ಸೀಸದ ಅಂಶ ಇರುತ್ತೆ.

ಮನೆ ವಿಷಯಕ್ಕೆ ಬಂದ್ರೆ, ಎಲ್ಲಾ ಮಾಡಕ್ಕಾಗಲ್ಲ, ಮಗು ಮಲಗೋ ಜಾಗ ಒಂದನ್ನ ಸರಿ ಮಾಡಿ. ದಿಂಬಿನ ಕವರ್, ಬೆಡ್‌ಶೀಟ್ ವಾರಕ್ಕೊಂದ್ಸಲ 60 ಡಿಗ್ರಿ ಬಿಸಿನೀರಲ್ಲಿ, ಅಂದ್ರೆ ಕೈ ಇಡಕ್ಕಾಗದಷ್ಟು ಬಿಸಿಲಿ ನೆನೆಸಿ ಒಗೀರಿ, ತಣ್ಣೀರಿಗೆ ಹುಳ ಸಾಯಲ್ಲ. ಹತ್ತಿ ಹಾಸಿಗೆನ ಬಿಸಿಲಿಗೆ ಹಾಕೋ ನಮ್ಮ ಹಳೇ ಪದ್ಧತಿ ಒಳ್ಳೇದೇ, ತೇವ ಹೋಗುತ್ತೆ, ಆದ್ರೆ ಕೋಲಲ್ಲಿ ಬಡಿಯೋವಾಗ ಮಗು ಹತ್ರ ಇರಬಾರ್ದು. ಪೊರಕೆಲಿ ಗುಡಿಸೋ ಬದಲು ಒದ್ದೆ ಬಟ್ಟೆಲಿ ಒರೆಸಿ, ಫ್ಯಾನ್ ರೆಕ್ಕೆನೂ. ಬೈಕಲ್ಲಿ ಮಗುನ ಮುಂದೆ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಹೋಗ್ತೀರಲ್ಲ, ಹೈವೇ ಧೂಳೆಲ್ಲಾ ನೇರ ಅದರ ಕಣ್ಣಿಗೆ, ಕೂರಿಸೋದೇ ತಪ್ಪು, ಅದು ಬೇರೆ ಮಾತು.

ಒಬ್ಬರು ಮೇಷ್ಟ್ರು ಕೇಳಿದ್ರು, ಅಲರ್ಜಿ ಟೆಸ್ಟ್ ಮಾಡಿಸಿ ಇಂಜೆಕ್ಷನ್ ತಗೊಂಡ್ರೆ ಬೇರು ಸಮೇತ ಹೋಗುತ್ತಂತಲ್ಲ ಅಂತ. ಚರ್ಮದ ಮೇಲೆ ಚುಚ್ಚಿ ನೋಡೋ ಟೆಸ್ಟ್ ಇದೆ, ಯಾವುದಕ್ಕೆ ಅಲರ್ಜಿ ಅಂತ ಹೇಳುತ್ತೆ, ಅದಕ್ಕೆ ಮುಂಚೆ ಅಲರ್ಜಿ ಮಾತ್ರೆಗಳನ್ನ ಡಾಕ್ಟ್ರು ಹೇಳಿದಷ್ಟು ದಿನ ನಿಲ್ಲಿಸಿರಬೇಕು. ನೀವು ಕೇಳಿದ ಆ ಇಂಜೆಕ್ಷನ್ ಚಿಕಿತ್ಸೆಗೆ ಇಮ್ಯುನೋಥೆರಪಿ ಅಂತಾರೆ, ಅದು ಹಳೇ ವಿದ್ಯೆ, 1911ರಲ್ಲಿ ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರ ಚುಚ್ಚಿ ಶುರು ಮಾಡಿದ್ದು, ರೋಗಿ ಎಷ್ಟು ತಡ್ಕೋತಾನೆ ಅಂತ ಅಳೆಯಕ್ಕೆ ಅವರು ಬಳಸಿದ್ದು ರೋಗಿಯ ಕಣ್ಣನ್ನೇ, ಅದೇ ಸಾರದ ಹನಿ ಬಿಟ್ಟು ಕೆಂಪಾಗುತ್ತಾ ನೋಡ್ತಿದ್ರು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ತಗೋಬೇಕು, ಮೂಗು ಕಣ್ಣು ಎರಡೂ ಇರೋ ಸೀಸನ್ ಅಲರ್ಜಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ವಿಕೆಸಿಗೆ ಅಷ್ಟು ಭರವಸೆ ನಾನು ಕೊಡಲ್ಲ, ಯಾಕಂದ್ರೆ ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಟೆಸ್ಟಲ್ಲಿ ಏನೂ ಬರೋದೇ ಇಲ್ಲ, ಅದರ ಹಿಂದೆ ಐಜಿಇ ಒಂದೇ ಇಲ್ಲ.

ಸಿಟ್ರಿಜಿನ್ ಮಾತ್ರೆ ಕೊಡಬಹುದಾ ಅಂತ ಇನ್ನೊಬ್ಬರು. ಮೂಗೂ ಜೋರಾಗಿದ್ರೆ ಡಾಕ್ಟ್ರು ಕೊಡ್ತಾರೆ, ಬರೀ ಕಣ್ಣಿಗೆ ಮಾತ್ರೆಗಿಂತ ಡ್ರಾಪ್ಸೇ ಬೇಗ, ಮಾತ್ರೆ ಕೆಲವರಿಗೆ ಕಣ್ಣು ಒಣಗಿಸುತ್ತೆ, ಕ್ಲಾಸಲ್ಲಿ ನಿದ್ದೆನೂ ಬರುತ್ತೆ. ಪಿಯುಸಿ ಹುಡುಗಿ ಒಬ್ಬಳು ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಕೇಳಿದ್ಲು. ಕಣ್ಣು ಕೆಂಪಿದ್ದ ದಿನ ಲೆನ್ಸ್ ಬೇಡ ಕಣಮ್ಮ, ಕನ್ನಡಕ ಹಾಕ್ಕೋ. ಉಳಿದ ದಿನ ಡ್ರಾಪ್ಸ್ ಹಾಕಿ 15 ನಿಮಿಷ ಬಿಟ್ಟು ಲೆನ್ಸ್ ಹಾಕು, ಅದರಲ್ಲಿರೋ ಪ್ರಿಸರ್ವೇಟಿವ್ ಲೆನ್ಸಿಗೆ ಅಂಟುತ್ತೆ. ಲೆನ್ಸ್ ಹಾಕೋರಿಗೆ ಒಂದೇ ಕಣ್ಣು ಕೆಂಪಾಗಿ ನೋವು ಬಂದ್ರೆ ಅದನ್ನ ಅಲರ್ಜಿ ಅಂತ ಅಂದ್ಕೋಬೇಡ, ಅವತ್ತೇ ತೋರಿಸು.

ಹೆಡ್‌ಮಾಸ್ಟ್ರು ಬಾಟ್ಲಿ ತನ್ನಿ ಅಂತ ಹೇಳಿದ್ರಂತೆ, ತಂದಿರೋರು ಈ ಟೇಬಲ್ ಹತ್ರ ಬನ್ನಿ, ಹೆಸರು ಓದಿ ಹೇಳ್ತೀನಿ. ಸ್ಟೀರಾಯ್ಡ್ ಹಾಕ್ತಿರೋರು ಹೆದರಿ ಇವತ್ತೇ ಒಮ್ಮೆಲೇ ನಿಲ್ಲಿಸಬೇಡಿ, ಕಾಯಿಲೆ ತಿರುಗಿ ಬೀಳುತ್ತೆ, ಈ ವಾರದಲ್ಲೇ ಜಿಲ್ಲಾಸ್ಪತ್ರೆ ಕಣ್ಣಿನ ವಿಭಾಗಕ್ಕೆ ಹೋಗಿ ಪ್ರೆಶರ್ ಚೆಕ್ ಮಾಡಿಸಿ, ಹೆಂಗೆ ಇಳಿಸಬೇಕು ಅಂತ ಅವರೇ ಬರ್ದು ಕೊಡ್ತಾರೆ. ಹೋಗೋವಾಗ ಎಷ್ಟು ವರ್ಷದಿಂದ ಹಾಕ್ತಿದ್ದೀರಿ ಅನ್ನೋದನ್ನ ಮುಚ್ಚಿಡದೆ ಹೇಳಿ, ಬೈತಾರೆ, ಬೈಸ್ಕೊಳ್ಳಿ.